ಗಣಕಯಂತ್ರದ ಮೊದಲ ಮಾತು ಮತ್ತು ಅದರ ಸಾಕ್ಷಿ

ಕೆಲಸ ನಡೆಯುತ್ತಿರುವಾಗ ಗಣಕಯಂತ್ರವು ಕೆಟ್ಟರೆ ಅದರ ಕಾರಣವನ್ನು ಬಹುಮಟ್ಟಿಗೆ ಆ ಯಂತ್ರದಿಂದಲೇ ಕೇಳಿ ತಿಳಿಯಬಹುದು. ನಡೆದುದನ್ನೆಲ್ಲ ಅದು ತನ್ನ ದಿನಚರಿಯಲ್ಲಿ ಬರೆದಿಟ್ಟಿರುತ್ತದೆ. ಮತ್ತೆ ಚಾಲನೆಗೊಳಿಸಿದ ಮೇಲೆ ಆ ದಿನಚರಿಯನ್ನು ತೆರೆದು ಓದಿದರಾಯಿತು. ಆದರೆ ಯಂತ್ರವು ಎಚ್ಚರಗೊಳ್ಳುತ್ತಿರುವ ಮೊದಲ ಕ್ಷಣಗಳಲ್ಲಿಯೇ ಕುಸಿದುಬಿಟ್ಟರೆ ಕೇಳುವುದು ಯಾರನ್ನು? ಆಗ ಪರದೆ ಇನ್ನೂ ಬೆಳಗಿರುವುದಿಲ್ಲ, ಡಿಸ್ಕು ತೆರೆದಿರುವುದಿಲ್ಲ, ಜಾಲಸಂಪರ್ಕ ಏರ್ಪಟ್ಟಿರುವುದಿಲ್ಲ. ಯಂತ್ರವೇನೋ ಮಾತನಾಡಿರುತ್ತದೆ, ಆ ಮಾತು ಹೊರಗೆ ಬರಬೇಕಾದ ಬಾಗಿಲು ಮಾತ್ರ ಇನ್ನೂ ಮುಚ್ಚಿರುತ್ತದೆ. ಈ ಮೊದಲ ಮಾತನ್ನು ಯು.ಎಸ್.ಬಿ. ಎಂಬ ಸುಪರಿಚಿತ ಸಂಪರ್ಕದ ಮೂಲಕ ಇನ್ನೊಂದು ಗಣಕಯಂತ್ರದಲ್ಲಿ ಹಿಡಿದಿಡುವ ಉಪಾಯವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಷಯವು ತಾಂತ್ರಿಕವಾದುದೆಂಬುದು ನಿಜ. ಆದರೂ ಅದರೊಳಗೆ ಅಡಗಿರುವ ಪ್ರಶ್ನೆ ಇತಿಹಾಸಕಾರನಿಗೂ ಲೆಕ್ಕಪರಿಶೋಧಕನಿಗೂ ಹೊಸದಲ್ಲ. ಒಂದು ಘಟನೆಗೆ ಸಾಕ್ಷಿಯಾಗಬೇಕಾದವನು ಎಲ್ಲಿ ನಿಂತಿರಬೇಕು? ಘಟನೆಯೊಂದಿಗೆ ತಾನೂ ನಾಶವಾಗುವ ಸಾಕ್ಷಿಯಿಂದ ಏನು ಪ್ರಯೋಜನ?

೧. ಎಚ್ಚರಗೊಳ್ಳುವ ಕ್ರಮ

ಯಂತ್ರವನ್ನು ಚಾಲನೆಗೊಳಿಸುವ ಕ್ರಿಯೆಗೆ ಬೂಟ್ ಎಂಬ ಹೆಸರು ಬಂದಿರುವುದು ಬೂಟ್‌ಸ್ಟ್ರ್ಯಾಪ್ ಎಂಬ ಇಂಗ್ಲಿಷ್ ಪದದಿಂದ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆತ್ತಿ ಮೇಲೇರುವ ಅಸಾಧ್ಯ ಸಾಹಸವನ್ನು ಆ ಪದ ಸೂಚಿಸುತ್ತದೆ. ನಮ್ಮ ಶಾಸ್ತ್ರಕಾರರಲ್ಲಿಯೂ ಇಂಥದೇ ಒಂದು ನ್ಯಾಯವುಂಟು: ಎಷ್ಟೇ ಪಳಗಿದ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರನು. ಗಣಕಯಂತ್ರವು ಈ ಅಸಾಧ್ಯವನ್ನು ಸಾಧಿಸುವುದು ಮೆಟ್ಟಿಲುಮೆಟ್ಟಿಲಾಗಿ.

ವಿದ್ಯುತ್ತು ಹರಿದೊಡನೆ ಮೊದಲು ಏಳುವುದು ಮದರ್‌ಬೋರ್ಡಿನಲ್ಲಿ ಸ್ಥಿರವಾಗಿ ನೆಲಸಿರುವ ಫರ್ಮ್‌ವೇರ್. ಅದು ಬೂಟ್‌ಲೋಡರ್ ಎಂಬ ಚಿಕ್ಕ ಕ್ರಮವಿಧಿಯನ್ನು ಎಬ್ಬಿಸುತ್ತದೆ. ಬೂಟ್‌ಲೋಡರು ಕರ್ನೆಲನ್ನು, ಎಂದರೆ ಇಡೀ ಕಾರ್ಯವ್ಯವಸ್ಥೆಯ ತಿರುಳನ್ನು, ಡಿಸ್ಕಿನಿಂದ ಸ್ಮೃತಿಗೆ ತಂದು ಅಧಿಕಾರವನ್ನು ಅದಕ್ಕೆ ಒಪ್ಪಿಸುತ್ತದೆ. ಇಲ್ಲಿಂದ ಮುಂದಿನದೆಲ್ಲ ಕರ್ನೆಲಿನ ಹೊಣೆ. ಸಂಕುಚಿತ ರೂಪದಲ್ಲಿರುವ ತನ್ನನ್ನು ತಾನು ಬಿಡಿಸಿಕೊಳ್ಳಬೇಕು, ಸ್ಮೃತಿ ಎಷ್ಟಿದೆ, ಅದರಲ್ಲಿ ಯಾವ ಭಾಗ ಉಪಯೋಗಕ್ಕೆ ಯೋಗ್ಯವೆಂಬುದನ್ನು ಕಂಡುಕೊಳ್ಳಬೇಕು, ಗಡಿಯಾರವನ್ನು ನಡೆಯಿಸಬೇಕು, ಜೋಡಿಸಿರುವ ಉಪಕರಣಗಳನ್ನು ಹುಡುಕಿ ಒಂದೊಂದಕ್ಕೂ ತಕ್ಕ ಡ್ರೈವರನ್ನು ನೇಮಿಸಬೇಕು, ಕೊನೆಗೆ ಡಿಸ್ಕನ್ನು ತೆರೆದು ಮೊದಲ ಸಾಮಾನ್ಯ ಕ್ರಮವಿಧಿಯನ್ನು ಪ್ರಾರಂಭಿಸಬೇಕು. ಇವೆಲ್ಲ ಕೆಲವೇ ಸೆಕೆಂಡುಗಳಲ್ಲಿ ನಡೆದುಹೋಗುತ್ತವೆ.

ಈ ಲೇಖನದಲ್ಲಿ ಲಿನಕ್ಸ್ ಕರ್ನೆಲನ್ನು ಉದಾಹರಣೆಯಾಗಿ ತೆಗೆದುಕೊಂಡಿದೆ. ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ಈ ಕರ್ನೆಲಿನ ಮೂಲಪಾಠವು ಎಲ್ಲರಿಗೂ ಓದಲು ದೊರೆಯುತ್ತದೆ. ಆದಕಾರಣ ಯಂತ್ರವು ಯಾವ ಮಾತನ್ನು ಯಾವ ಘಟ್ಟದಲ್ಲಿ ಆಡಿತೆಂಬುದನ್ನು ಮೂಲದೊಡನೆ ಹೋಲಿಸಿ ನೋಡುವ ಅನುಕೂಲ ಇಲ್ಲಿ ಉಂಟು.

೨. ಆಡಿದ ಮಾತು ಉಳಿಯುವುದೆಲ್ಲಿ?

ಕರ್ನೆಲು ತನ್ನ ಮಾತುಗಳನ್ನು ಪ್ರಿಂಟ್‌ಕೆ ಎಂಬ ಕಾರ್ಯದ ಮೂಲಕ ಆಡುತ್ತದೆ. ಆ ಮಾತುಗಳು ಮೊದಲು ಸೇರುವುದು ಸ್ಮೃತಿಯಲ್ಲಿರುವ ಒಂದು ವರ್ತುಲಾಕಾರದ ಕೋಶವನ್ನು. ಕೋಶ ತುಂಬಿದಾಗ ಹಳೆಯ ಸಾಲುಗಳ ಸ್ಥಾನದಲ್ಲಿ ಹೊಸವು ಬಂದು ಕೂರುತ್ತವೆ. ಪರದೆಯೋ ಬೇರೊಂದು ಹೊರದಾರಿಯೋ ಸಿದ್ಧವಾದೊಡನೆ ಅದು ಕನ್ಸೋಲ್ ಎಂದು ತನ್ನ ಹೆಸರನ್ನು ನೋಂದಾಯಿಸಿಕೊಳ್ಳುತ್ತದೆ. ಅದುವರೆಗೆ ಕೋಶದಲ್ಲಿ ಕೂಡಿದ್ದ ಸಾಲುಗಳೆಲ್ಲ ಆಗ ಒಮ್ಮೆಗೇ ಹೊರಬರುತ್ತವೆ. ಪ್ರತಿ ಸಾಲಿನ ಮುಂದೆಯೂ ಕಾಲದ ಗುರುತಿರುತ್ತದೆ. ಆದರೆ ಮೊತ್ತಮೊದಲ ಸಾಲುಗಳಲ್ಲಿ ಕಾಣುವುದು ಬರಿಯ ಸೊನ್ನೆಗಳು. ಏಕೆಂದರೆ ಆಗ ಕಾಲವನ್ನು ಅಳೆಯುವ ಗಡಿಯಾರವೇ ಎದ್ದಿರುವುದಿಲ್ಲ.

ತೊಡಕು ಇರುವುದು ಇಲ್ಲಿಯೇ. ಹೊರದಾರಿ ಸಿದ್ಧವಾಗುವ ಮುನ್ನವೇ ಯಂತ್ರ ನಿಂತುಹೋದರೆ ಕೋಶವೂ ಅದರೊಡನೆ ಅಳಿಯುತ್ತದೆ. ಕಾಣುವುದು ಕಪ್ಪು ಪರದೆ ಮಾತ್ರ; ಕೆಲವೊಮ್ಮೆ ಕಾರಣ ಹೇಳದೆ ಯಂತ್ರವು ಮತ್ತೆ ಮತ್ತೆ ಮೊದಲಿನಿಂದ ಪ್ರಾರಂಭವಾಗುತ್ತಿರುತ್ತದೆ. ಲೆಕ್ಕ ಬರೆಯುವವನೂ ಲೆಕ್ಕವನ್ನು ಪರಿಶೀಲಿಸುವವನೂ ಒಬ್ಬನೇ ಆಗಕೂಡದೆಂಬುದು ಬ್ಯಾಂಕಿನ ವ್ಯವಹಾರದ ಪ್ರಥಮ ಪಾಠ. ಪುಸ್ತಕದ ಪ್ರತಿಯೊಂದು ಬೇರೆ ಕಟ್ಟಡದಲ್ಲಿರಬೇಕೆಂಬುದು ಎರಡನೆಯದು. ಇಲ್ಲಿಯೂ ಪರಿಹಾರ ಅದೇ. ಕೋಶದಲ್ಲಿ ಬಿದ್ದ ಪ್ರತಿಯೊಂದು ಸಾಲೂ ಆ ಕ್ಷಣವೇ ಮನೆಯ ಹೊರಗೆ ಹೋಗಿ ಬೇರೊಬ್ಬನ ಪುಸ್ತಕದಲ್ಲಿ ದಾಖಲೆಯಾಗಬೇಕು. ಕೆಟ್ಟಿರುವ ಯಂತ್ರವನ್ನು ಪರೀಕ್ಷ್ಯಯಂತ್ರವೆಂದೂ, ಅದರ ಮಾತನ್ನು ಕೇಳಿ ಬರೆದುಕೊಳ್ಳುವ ಇನ್ನೊಂದನ್ನು ಸಾಕ್ಷಿಯಂತ್ರವೆಂದೂ ಮುಂದೆ ಕರೆಯೋಣ.

೩. ಹಳೆಯ ದಾರಿ

ಈ ಕೆಲಸಕ್ಕೆ ದಶಕಗಳ ಕಾಲ ಒದಗಿದುದು ಸೀರಿಯಲ್ ಪೋರ್ಟ್. ಅದರ ಆಧಾರವಾದ ಆರ್‌ಎಸ್-೨೩೨ ಎಂಬ ಮಾನಕವು ೧೯೬೦ರಷ್ಟು ಹಿಂದಿನದು. ಅದರ ಹಿರಿಮೆಯಿರುವುದು ಅದರ ಸರಳತೆಯಲ್ಲಿ. ಒಂದು ನಿಗದಿಯಾದ ವಿಳಾಸಕ್ಕೆ ಒಂದು ಅಕ್ಷರವನ್ನು ಬರೆದರೆ ಅದು ತಂತಿಯ ಮೇಲೆ ಹೊರಟುಹೋಗುತ್ತದೆ. ಅದಕ್ಕೆ ಸ್ಮೃತಿಯ ವಿಂಗಡಣೆ ಬೇಡ, ಗಡಿಯಾರ ಬೇಡ, ದೊಡ್ಡ ಡ್ರೈವರೂ ಬೇಡ. ವೇಗ ಕಡಿಮೆಯೆಂಬುದೊಂದೇ ಕೊರತೆ. ಸೆಕೆಂಡಿಗೆ ೧,೧೫,೨೦೦ ಬಿಟ್‌ಗಳ ಗತಿಯಲ್ಲಿ, ಒಂದು ಅಕ್ಷರಕ್ಕೆ ೧೦ ಬಿಟ್‌ಗಳಂತೆ, ಸೆಕೆಂಡಿಗೆ ೧೧,೫೨೦ ಅಕ್ಷರಗಳು ಸಾಗುತ್ತವೆ. ೮೦ ಅಕ್ಷರಗಳ ಒಂದು ಸಾಲಿಗೆ ಸುಮಾರು ೭ ಮಿಲಿಸೆಕೆಂಡು ಹಿಡಿಯುತ್ತದೆ.

ಕೈಯಗಲದ ಚಿಕ್ಕ ಗಣಕಗಳಲ್ಲಿ ಈ ದಾರಿ ಇಂದಿಗೂ ತೆರೆದಿದೆ. ವಿದ್ಯಾರ್ಥಿಗಳಿಗೆ ಪರಿಚಿತವಾದ ರಾಸ್ಪ್‌ಬೆರಿ ಪೈಯಲ್ಲಿ ೬ನೆಯ ಕಡ್ಡಿ ಭೂಸಂಪರ್ಕ, ೮ನೆಯದು ಮಾತು ಹೊರಡುವ ಕಡ್ಡಿ, ೧೦ನೆಯದು ಮಾತು ಒಳಬರುವ ಕಡ್ಡಿ. ಯು.ಎಸ್.ಬಿ.ಯಿಂದ ಸೀರಿಯಲ್‌ಗೆ ಪರಿವರ್ತಿಸುವ ಒಂದು ಕೇಬಲಿನ ತುದಿಗಳನ್ನು ಇವಕ್ಕೆ ಜೋಡಿಸಿ ಇನ್ನೊಂದು ತುದಿಯನ್ನು ಸಾಕ್ಷಿಯಂತ್ರಕ್ಕೆ ಸೇರಿಸಿದರೆ ಸಾಕು. ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ಸೇರಬೇಕಾದುದರಿಂದ ತಂತಿಗಳನ್ನು ಅದಲುಬದಲಾಗಿ ಜೋಡಿಸಬೇಕು. ಈ ಕಡ್ಡಿಗಳು ತಡೆಯುವುದು ೩.೩ ವೋಲ್ಟನ್ನು ಮಾತ್ರವಾದುದರಿಂದ ೫ ವೋಲ್ಟಿನ ಕೇಬಲನ್ನು ಬಳಸಕೂಡದು.

ಈ ವ್ಯವಸ್ಥೆಯಲ್ಲಿ ಯು.ಎಸ್.ಬಿ. ಇರುವುದು ಸಾಕ್ಷಿಯ ಕಡೆ ಮಾತ್ರ ಎಂಬುದನ್ನು ವಾಚಕರು ಗಮನಿಸಬೇಕು. ಸಾಕ್ಷಿಯಂತ್ರವು ಆಗಲೇ ಪೂರ್ಣವಾಗಿ ಎದ್ದಿರುವುದರಿಂದ ಅದಕ್ಕೆ ಯಾವ ಕಷ್ಟವೂ ಇಲ್ಲ. ಆದರೆ ಇಂದಿನ ಲ್ಯಾಪ್‌ಟಾಪುಗಳಲ್ಲಿ ಸೀರಿಯಲ್ ಪೋರ್ಟೂ ಇಲ್ಲ, ಕೈಗೆಟುಕುವ ಕಡ್ಡಿಗಳೂ ಇಲ್ಲ; ಇರುವುದು ಯು.ಎಸ್.ಬಿ. ಒಂದೇ. ಪರಿವರ್ತಕದ ಕೇಬಲನ್ನು ಪರೀಕ್ಷ್ಯಯಂತ್ರದ ಯು.ಎಸ್.ಬಿ.ಗೇ ಸಿಕ್ಕಿಸಿದರಾಗದೇ ಎಂದು ಕೇಳಬಹುದು. ಸಿಕ್ಕಿಸಬಹುದು, ಆದರೆ ಅದು ಬಾಯಿ ತೆರೆಯುವುದು ಕರ್ನೆಲಿನ ಯು.ಎಸ್.ಬಿ. ವಿಭಾಗವೆಲ್ಲ ಎದ್ದ ಮೇಲೆ. ನಮಗೆ ಬೇಕಾದ ಮಾತು ಅಷ್ಟರಲ್ಲಿ ಆಗಿಹೋಗಿರುತ್ತದೆ.

೪. ಯು.ಎಸ್.ಬಿ.ಯ ಅಡ್ಡಿಗಳು

ಯು.ಎಸ್.ಬಿ.ಯ ಮೊದಲ ಮಾನಕ ಪ್ರಕಟವಾದುದು ೧೯೯೬ರಲ್ಲಿ. ಕೀಲಿಮಣೆ, ಮುದ್ರಣಯಂತ್ರ ಮುಂತಾದುವನ್ನೆಲ್ಲ ಒಂದೇ ಬಗೆಯ ಪೋರ್ಟಿಗೆ ಸೇರಿಸಬೇಕೆಂಬುದು ಅದರ ಉದ್ದೇಶವಾಗಿತ್ತು. ಆ ಅನುಕೂಲಕ್ಕಾಗಿ ತೆತ್ತ ಬೆಲೆ ಜಟಿಲತೆ.

ಮೊದಲನೆಯದಾಗಿ, ಇಲ್ಲಿ ಒಡೆಯ ಮತ್ತು ಅನುಚರ ಎಂಬ ಭೇದ ಕಟ್ಟುನಿಟ್ಟಾದುದು. ಒಡೆಯನಾದ ಗಣಕಯಂತ್ರ ಕೇಳದೆ ಉಪಕರಣವು ಮಾತನಾಡುವಂತಿಲ್ಲ. ಎರಡು ಗಣಕಗಳನ್ನು ನೇರವಾಗಿ ಸೇರಿಸಿದರೆ ಒಡೆಯರಿಬ್ಬರು ಎದುರುಬದುರಾಗಿ ಕುಳಿತಂತಾಗುತ್ತದೆ. ಕೇಳುವವರಿಬ್ಬರು, ಉತ್ತರಿಸುವವರು ಯಾರೂ ಇಲ್ಲ. ಎರಡನೆಯದಾಗಿ, ಒಂದು ಅಕ್ಷರವನ್ನು ಕಳುಹಿಸುವುದಕ್ಕೂ ಮೊದಲು ಉಪಕರಣವನ್ನು ಗುರುತಿಸಿ, ಅದಕ್ಕೊಂದು ಅಂಕೆಯ ವಿಳಾಸವನ್ನು ಕೊಟ್ಟು, ಅದರ ವಿವರಣಪತ್ರವನ್ನು ಓದಬೇಕು. ಮೂರನೆಯದಾಗಿ, ಕಳುಹಿಸಬೇಕಾದುದರ ಪಟ್ಟಿಯನ್ನು ಕರ್ನೆಲು ಸ್ಮೃತಿಯಲ್ಲಿ ಕ್ರಮವಾಗಿ ಬರೆದಿಡಬೇಕು. ನಿಯಂತ್ರಕವು ಅದನ್ನು ಓದಿಕೊಂಡು ಕಾರ್ಯ ನಡೆಸುತ್ತದೆ. ಇದಕ್ಕೆ ಸ್ಮೃತಿಯ ವ್ಯವಸ್ಥೆ, ಗಡಿಯಾರ, ಉಪಕರಣಗಳಿಂದ ಬರುವ ಕರೆಗಳಿಗೆ ಓಗೊಡುವ ಏರ್ಪಾಡು ಎಲ್ಲವೂ ಸಿದ್ಧವಾಗಿರಬೇಕು. ಎದ್ದೇಳುವಾಗ ಬಂದ ಕಷ್ಟವನ್ನು ಹೇಳಿಕೊಳ್ಳಬೇಕಾದರೆ ಮೊದಲು ಪೂರ್ತಿಯಾಗಿ ಎದ್ದಿರಬೇಕು! ಹಿಂದೆ ಹೇಳಿದ ಹೆಗಲಿನ ನ್ಯಾಯ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

೫. ಎರಡು ಕಿರುಬಾಗಿಲುಗಳು

ಈ ತೊಡಕನ್ನು ಯು.ಎಸ್.ಬಿ.ಯ ನಿಯಂತ್ರಕಗಳನ್ನು ರೂಪಿಸಿದವರೇ ಮುಂಗಂಡಿದ್ದರು. ಯು.ಎಸ್.ಬಿ. ೨ರ ನಿಯಂತ್ರಕವನ್ನು ವಿಧಿಸುವ ಇ.ಎಚ್.ಸಿ.ಐ. ಎಂಬ ಮಾನಕವು ೨೦೦೨ರಲ್ಲಿ ಪ್ರಕಟವಾಯಿತು. ಅದರಲ್ಲಿ ಡೀಬಗ್ ಪೋರ್ಟ್ ಎಂಬ ಐಚ್ಛಿಕ ಏರ್ಪಾಡೊಂದುಂಟು. ನಿಯಂತ್ರಕದ ಪೋರ್ಟುಗಳಲ್ಲಿ ಯಾವುದಾದರೂ ಒಂದಕ್ಕೆ ಮಾತ್ರ ಈ ಶಕ್ತಿಯಿರುತ್ತದೆ. ಅದಕ್ಕೆ ಸ್ಮೃತಿಯಲ್ಲಿ ಪಟ್ಟಿ ಬರೆಯಬೇಕಾಗಿಲ್ಲ. ಒಂದು ಸಲಕ್ಕೆ ಹೆಚ್ಚೆಂದರೆ ೮ ಅಕ್ಷರಗಳನ್ನು ನಿಯಂತ್ರಕದ ಕೆಲವು ಗೊತ್ತಾದ ಮನೆಗಳಲ್ಲಿ ತುಂಬಿ ‘ಕಳುಹಿಸು’ ಎಂದರೆ ಸಾಕು; ಹೋಯಿತೇ ಎಂದು ಮತ್ತೆ ಮತ್ತೆ ನೋಡುತ್ತಿದ್ದರಾಯಿತು. ಹಳೆಯ ಸೀರಿಯಲ್ ಪೋರ್ಟಿನ ಸರಳತೆಯನ್ನು ಹೊಸ ಮನೆಯ ಒಂದು ಮೂಲೆಯಲ್ಲಿ ಕಾಪಾಡಿಟ್ಟಂತಾಯಿತು.

ಆದರೆ ಒಡೆಯರಿಬ್ಬರ ಸಮಸ್ಯೆ ಹಾಗೆಯೇ ಉಳಿಯಿತು. ಅದಕ್ಕಾಗಿ ನಡುವೆ ಒಂದು ಮಧ್ಯಸ್ಥ ಉಪಕರಣ ಬೇಕಾಯಿತು. ಇದು ಎರಡು ಮುಖದ ಸಾಧನ: ಎರಡೂ ಯಂತ್ರಗಳಿಗೆ ತಾನು ಅನುಚರನೆಂದು ಹೇಳಿಕೊಂಡು, ಒಬ್ಬನಿಂದ ಬಂದುದನ್ನು ಇನ್ನೊಬ್ಬನಿಗೆ ದಾಟಿಸುತ್ತದೆ. ಇಂಥ ಸಾಧನಗಳು ಅಂಗಡಿಯಲ್ಲಿ ಸುಲಭವಾಗಿ ದೊರೆಯುವಂಥವಲ್ಲ. ಆದರೆ ಯು.ಎಸ್.ಬಿ. ಉಪಕರಣದಂತೆ ವರ್ತಿಸಬಲ್ಲ ಪೋರ್ಟುಳ್ಳ ಬೀಗಲ್‌ಬೋನ್ ಬ್ಲ್ಯಾಕ್‌ನಂಥ ಚಿಕ್ಕ ಗಣಕವೊಂದಿದ್ದರೆ, ಲಿನಕ್ಸಿನಲ್ಲಿಯೇ ಇರುವ ಒಂದು ಡ್ರೈವರಿನ ಸಹಾಯದಿಂದ ಅದಕ್ಕೆ ಈ ಮಧ್ಯಸ್ಥನ ವೇಷವನ್ನು ತೊಡಿಸಬಹುದು.

ಎರಡನೆಯ ಕಿರುಬಾಗಿಲು ಯು.ಎಸ್.ಬಿ. ೩ರ ಕಾಲದ್ದು. ೨೦೧೦ರಲ್ಲಿ ಪ್ರಕಟವಾದ ಎಕ್ಸ್.ಎಚ್.ಸಿ.ಐ. ಮಾನಕದಲ್ಲಿ ಡೀಬಗ್ ಕೇಪಬಿಲಿಟಿ ಎಂಬ ಐಚ್ಛಿಕ ಶಕ್ತಿಯನ್ನು ವಿವರಿಸಿದೆ. ಇದರ ಚಾತುರ್ಯ ಬೇರೆ ಬಗೆಯದು. ಮಧ್ಯಸ್ಥನನ್ನು ಕರೆಯುವ ಬದಲು ಪರೀಕ್ಷ್ಯಯಂತ್ರದ ನಿಯಂತ್ರಕವೇ ಒಂದು ಪೋರ್ಟಿನಲ್ಲಿ ತನ್ನ ಒಡೆತನವನ್ನು ಬಿಟ್ಟುಕೊಟ್ಟು ಅನುಚರನ ಪಾತ್ರ ವಹಿಸುತ್ತದೆ. ಸಾಕ್ಷಿಯಂತ್ರದ ಕಣ್ಣಿಗೆ ಅದು ಯಾವುದೋ ಒಂದು ಸಾಮಾನ್ಯ ಯು.ಎಸ್.ಬಿ. ಉಪಕರಣದಂತೆ ಕಾಣುತ್ತದೆ. ಪರಿಚಯ, ವಿಳಾಸ ಮುಂತಾದ ಶಿಷ್ಟಾಚಾರವನ್ನೆಲ್ಲ ನಿಯಂತ್ರಕವು ತಾನೇ ನಿರ್ವಹಿಸುತ್ತದೆ. ಹೇಳಬೇಕಾದುದನ್ನು ಒದಗಿಸುವುದಷ್ಟೇ ಕರ್ನೆಲಿನ ಪಾಲಿನ ಕೆಲಸ. ಇದನ್ನು ಎಚ್ಚರಗೊಳ್ಳುವ ಕಾಲದಲ್ಲಿಯೇ ಬಳಸುವ ಡ್ರೈವರು ೨೦೧೭ರಲ್ಲಿ ಹೊರಬಂದ ಲಿನಕ್ಸ್ ೪.೧೨ರಲ್ಲಿ ಸೇರಿತು. ಮೈಕ್ರೋಸಾಫ್ಟಿನವರ ವಿಂಡೋಸ್ ಕೂಡ ತನ್ನ ಕರ್ನೆಲಿನ ಪರೀಕ್ಷೆಗೆ ಈ ಮಾರ್ಗವನ್ನು ಬಳಸುತ್ತದೆ.

೬. ಪ್ರಯೋಗದ ಕ್ರಮ

ಇಂಟೆಲ್, ಎ.ಎಮ್.ಡಿ. ವರ್ಗದ ಸಂಸ್ಕಾರಕವುಳ್ಳ, ಯು.ಎಸ್.ಬಿ. ೩ ಇರುವ ಲ್ಯಾಪ್‌ಟಾಪೊಂದು ಪರೀಕ್ಷ್ಯಯಂತ್ರವೆಂದು ಭಾವಿಸೋಣ. ಮುಂದೆ ಬರುವ ಆಜ್ಞೆಗಳ ಉಚ್ಚಾರವನ್ನು ಮಾತ್ರ ಇಲ್ಲಿ ಕೊಟ್ಟಿದೆ. ಯಂತ್ರಕ್ಕೆ ಅವನ್ನು ರೋಮನ್ ಲಿಪಿಯ ಚಿಕ್ಕ ಅಕ್ಷರಗಳಲ್ಲಿ ಬರೆಯಬೇಕು.

ಮೊದಲನೆಯ ಕೆಲಸ ಕೇಬಲಿನದು. ಎರಡು ತುದಿಯಲ್ಲಿಯೂ ‘ಎ’ ಮಾದರಿಯ ಚಪ್ಪಟೆ ಮುಖವುಳ್ಳ, ಡೀಬಗ್ ಕಾರ್ಯಕ್ಕೆಂದೇ ತಯಾರಿಸಿದ ಯು.ಎಸ್.ಬಿ. ೩ ಕೇಬಲ್ ಬೇಕು. ಅದರಲ್ಲಿ ವಿದ್ಯುತ್ತಿನ ತಂತಿಯನ್ನು ಜೋಡಿಸಿರುವುದಿಲ್ಲ. ಗಣಕಗಳೆರಡೂ ೫ ವೋಲ್ಟನ್ನು ಹೊರಕ್ಕೆ ಕೊಡುವಂಥವು. ಸಾಮಾನ್ಯ ತಂತಿಯಿಂದ ಅವನ್ನು ಸೇರಿಸಿದರೆ ಎರಡು ಮೂಲಗಳು ಒಂದನ್ನೊಂದು ತಳ್ಳಿ ಪೋರ್ಟಿಗೆ ಅಪಾಯವಾಗಬಹುದು. ಈ ಒಂದು ವಿಷಯದಲ್ಲಿ ಮಿತವ್ಯಯ ಸಲ್ಲದು.

ಎರಡನೆಯದಾಗಿ, ಪರೀಕ್ಷ್ಯಯಂತ್ರದ ಕರ್ನೆಲಿನಲ್ಲಿ ಈ ಡ್ರೈವರು ಅಡಕವಾಗಿರಬೇಕು. ಕರ್ನೆಲಿನೊಡನೆ ಬರುವ ಸಂರಚನಾಪಟ್ಟಿಯಲ್ಲಿ ಅರ್ಲಿ-ಪ್ರಿಂಟ್‌ಕೆ-ಯು.ಎಸ್.ಬಿ.-ಎಕ್ಸ್‌ಡಿಬಿಸಿ ಎಂಬ ಸಾಲಿನ ಮುಂದೆ ‘ವೈ’ ಎಂದಿದೆಯೇ ನೋಡಬೇಕು. ಇಲ್ಲದಿದ್ದರೆ ಅದನ್ನು ಸೇರಿಸಿ ಕರ್ನೆಲನ್ನು ಹೊಸದಾಗಿ ಸಿದ್ಧಪಡಿಸಬೇಕು. ಆಮೇಲೆ ಬೂಟ್‌ಲೋಡರಿನಲ್ಲಿ ಕರ್ನೆಲಿಗೆ ಕೊಡುವ ಆಜ್ಞಾಪಂಕ್ತಿಗೆ ‘ಅರ್ಲಿಪ್ರಿಂಟ್‌ಕೆ=ಎಕ್ಸ್‌ಡಿಬಿಸಿ’ ಎಂಬುದನ್ನು ಸೇರಿಸತಕ್ಕದ್ದು. ಯು.ಎಸ್.ಬಿ. ೨ರ ಹಳೆಯ ಯಂತ್ರವಾದರೆ ಎಕ್ಸ್‌ಡಿಬಿಸಿಯ ಸ್ಥಾನದಲ್ಲಿ ‘ಡಿಬಿಜಿಪಿ’ ಎಂದಿರಬೇಕು. ಪಂಕ್ತಿಯಲ್ಲಿ ‘ಕ್ವಯಟ್’ ಎಂಬ ಪದವಿದ್ದರೆ ತೆಗೆದುಹಾಕಬೇಕು. ಯಂತ್ರಕ್ಕೆ ಮೌನವನ್ನು ವಿಧಿಸುವ ಪದ ಅದು. ನಿಜವಾದ ಕನ್ಸೋಲ್ ಬಂದೊಡನೆ ಈ ಆದಿಮುದ್ರಣವು ತಾನಾಗಿ ನಿವೃತ್ತವಾಗುತ್ತದೆ. ಅದು ಮುಂದುವರಿಯಬೇಕೆಂದರೆ ಅಲ್ಪವಿರಾಮವಿಟ್ಟು ‘ಕೀಪ್’ ಎಂದು ಬರೆಯಬೇಕು.

ಮೂರನೆಯದು ಸಾಕ್ಷಿಯ ಸಿದ್ಧತೆ. ಸಾಕ್ಷಿಯು ಘಟನೆಗಿಂತ ಮೊದಲೇ ಸ್ಥಳದಲ್ಲಿರಬೇಕು. ಆದ್ದರಿಂದ ಪರೀಕ್ಷ್ಯಯಂತ್ರವನ್ನು ಚಾಲನೆಗೊಳಿಸುವ ಮುನ್ನವೇ ಕೇಬಲನ್ನು ಎರಡು ಕಡೆಯೂ ಸೇರಿಸಿಟ್ಟಿರಬೇಕು. ಸಾಕ್ಷಿಯಂತ್ರದ ಲಿನಕ್ಸಿನಲ್ಲಿ ಯು.ಎಸ್.ಬಿ. ಡೀಬಗ್ ಎಂಬ ಡ್ರೈವರು ಲಭ್ಯವಿರಬೇಕು. ಪರೀಕ್ಷ್ಯಯಂತ್ರದ ನಿಯಂತ್ರಕವು ಅನುಚರನಾಗಿ ಕಾಣಿಸಿಕೊಂಡೊಡನೆ ಈ ಡ್ರೈವರು ಅದನ್ನು ಗುರುತಿಸಿ ಟಿಟಿವೈ-ಯು.ಎಸ್.ಬಿ.-೦ ಎಂಬಂಥ ಹೆಸರಿನ ಒಂದು ಸೀರಿಯಲ್ ಮಾರ್ಗವನ್ನು ತೆರೆಯುತ್ತದೆ. ಮಿನಿಕಾಮ್ ಮೊದಲಾದ ಕ್ರಮವಿಧಿಗಳಿಂದ ಅದನ್ನು ಓದಿ ಒಂದು ಕಡತದಲ್ಲಿ ಬರೆದಿಡಬಹುದು. ಆ ಹೆಸರು ಹುಟ್ಟುವವರೆಗೆ ಕಾದಿದ್ದು ಹುಟ್ಟಿದೊಡನೆ ಓದತೊಡಗುವ ಮೂರು ಸಾಲಿನ ಲಿಪಿಯೊಂದನ್ನು ಮೊದಲೇ ಬರೆದಿಟ್ಟುಕೊಂಡರೆ ಒಂದು ಮಾತೂ ತಪ್ಪುವುದಿಲ್ಲ.

ಏನೂ ಬಾರದಿದ್ದರೆ ನಿರಾಶರಾಗದೆ ಬೇರೆ ಪೋರ್ಟುಗಳಲ್ಲಿ ಪ್ರಯತ್ನಿಸಬೇಕು. ಯು.ಎಸ್.ಬಿ. ೨ರಲ್ಲಂತೂ ಡೀಬಗ್ ಶಕ್ತಿ ಒಂದೇ ಪೋರ್ಟಿಗಿರುವುದರಿಂದ ಹುಡುಕಾಟ ಅನಿವಾರ್ಯ. ಕೆಲವು ಯಂತ್ರಗಳಲ್ಲಿ ಆ ಪೋರ್ಟು ಹೊರಕ್ಕೆ ಬಾರದೆ ಒಳಗಿನ ಉಪಕರಣವೊಂದಕ್ಕೆ ಮೀಸಲಾಗಿರುವುದೂ ಉಂಟು.

೭. ಬಂದ ಮಾತನ್ನು ಓದುವ ಬಗೆ

ಸಾಕ್ಷಿಯ ಕಡತದ ಮೊದಲಲ್ಲಿ ಕಾಣುವುದು ಕರ್ನೆಲಿನ ಆವೃತ್ತಿ. ಅದರ ಬಳಿಕ ಆಜ್ಞಾಪಂಕ್ತಿ. ಆಮೇಲೆ ಫರ್ಮ್‌ವೇರು ಒಪ್ಪಿಸಿದ ಸ್ಮೃತಿಯ ಪಟ್ಟಿ. ನಾವು ಕೊಟ್ಟ ಆಜ್ಞೆ ಯಂತ್ರಕ್ಕೆ ಸರಿಯಾಗಿ ಮುಟ್ಟಿತೇ ಎಂಬುದನ್ನು ಎರಡನೆಯದರಿಂದಲೇ ತಿಳಿಯಬಹುದು.

ಕೊನೆಯ ಸಾಲನ್ನು ಕಂಡೊಡನೆ ಅದೇ ಅಪರಾಧಿಯೆಂದು ತೀರ್ಮಾನಿಸುವುದು ಸಾಮಾನ್ಯವಾದ ತಪ್ಪು. ಸಾಲೊಂದು ಮುದ್ರಿತವಾಯಿತೆಂದರೆ ಅಲ್ಲಿಯವರೆಗೆ ಯಂತ್ರ ಬದುಕಿತ್ತೆಂದಷ್ಟೇ ಅರ್ಥ. ಕುಸಿತಕ್ಕೆ ಕಾರಣವಾದುದು ಅದರ ಮುಂದಿನ, ಇನ್ನೂ ನುಡಿಯದ, ಹೆಜ್ಜೆ. ಶಾಸನದ ಕಲ್ಲು ಒಡೆದಿರುವಲ್ಲಿ ಪಂಡಿತನು ಉಳಿದ ಪಂಕ್ತಿಗಳ ಕ್ರಮದಿಂದಲೂ ಬೇರೆ ಶಾಸನಗಳ ಸಾಮ್ಯದಿಂದಲೂ ಲುಪ್ತವಾದುದನ್ನು ಊಹಿಸುವಂತೆ ಇಲ್ಲಿಯೂ ಊಹಿಸಬೇಕು. ಅದೇ ಬಗೆಯ ಸ್ವಸ್ಥ ಯಂತ್ರವೊಂದರ ಕಡತವನ್ನು ಪಕ್ಕದಲ್ಲಿಟ್ಟುಕೊಂಡರೆ ಮುಂದೆ ಬರಬೇಕಾಗಿದ್ದ ಸಾಲು ಯಾವುದೆಂಬುದು ಗೊತ್ತಾಗುತ್ತದೆ. ‘ಇನಿಟ್‌ಕಾಲ್-ಡೀಬಗ್’ ಎಂಬ ಪದವನ್ನು, ನಡುವೆ ಅಡಿಗೆರೆಯಿಟ್ಟು, ಆಜ್ಞಾಪಂಕ್ತಿಗೆ ಸೇರಿಸಿದರೆ ಊಹೆಯ ಕೆಲಸ ಇನ್ನಷ್ಟು ಹಗುರವಾಗುತ್ತದೆ. ಆಗ ಕರ್ನೆಲು ಪ್ರತಿಯೊಂದು ಆರಂಭಕಾರ್ಯಕ್ಕೂ ಎರಡು ಸಾಲು ಬರೆಯುತ್ತದೆ: ಇಂಥದನ್ನು ಕರೆಯುತ್ತಿದ್ದೇನೆ ಎಂದು ಒಂದು, ಅದು ಮರಳಿ ಬಂತು, ಇಷ್ಟು ಕಾಲ ಹಿಡಿಯಿತು ಎಂದು ಇನ್ನೊಂದು. ಕರೆದದ್ದು ಇದ್ದು ಮರಳಿದ್ದು ಇಲ್ಲದಿದ್ದರೆ ದೋಷದ ಸ್ಥಾನ ಸಿಕ್ಕಿತೆಂದೇ ಹೇಳಬಹುದು.

೮. ಮಿತಿಗಳು

ಈ ಉಪಾಯದ ಮಿತಿಗಳನ್ನೂ ಹೇಳುವುದು ನ್ಯಾಯ. ಎಕ್ಸ್.ಎಚ್.ಸಿ.ಐ.ಯ ಕಿರುಬಾಗಿಲಿಗೆ ಸ್ವಲ್ಪ ಸ್ಮೃತಿ ಬೇಕಾದುದರಿಂದ ಕರ್ನೆಲು ಸ್ಮೃತಿಯ ಮೊದಲ ವಿಂಗಡಣೆಯನ್ನು ಮುಗಿಸುವವರೆಗೆ ಅದು ತೆರೆಯುವುದಿಲ್ಲ. ಅದಕ್ಕೂ ಹಿಂದೆಯೇ ಸತ್ತ ಯಂತ್ರದ ಮಾತು ಕತ್ತಲೆಯಲ್ಲಿಯೇ ಉಳಿಯುತ್ತದೆ. ಪ್ರತಿಯೊಂದು ಸಾಲನ್ನೂ ಹೊರಗೆ ಕಳುಹಿಸುವುದರಿಂದ ಯಂತ್ರದ ಗತಿ ತುಸು ನಿಧಾನವಾಗುತ್ತದೆ. ಕಾಲದ ಸೂಕ್ಷ್ಮ ವ್ಯತ್ಯಾಸದಿಂದ ಹುಟ್ಟುವ ದೋಷಗಳು ಸಾಕ್ಷಿಯನ್ನು ಕಂಡೊಡನೆ ಮಾಯವಾಗುವುದೂ ಉಂಟು. ಜಾಲದ ಮೂಲಕ ಮಾತು ಕಳುಹಿಸುವ ನೆಟ್‌ಕನ್ಸೋಲ್, ಕೊನೆಯ ಮಾತುಗಳನ್ನು ಅಳಿಯದ ಜಾಗದಲ್ಲಿ ಬರೆದಿಡುವ ಪಿಸ್ಟೋರ್ ಮೊದಲಾದ ಬೇರೆ ಉಪಾಯಗಳೂ ಇವೆ. ಆದರೆ ಅವುಗಳ ಸಿದ್ಧತೆಯಾಗುವುದು ಇನ್ನೂ ತಡವಾಗಿ.

ಹೊರಗಿನವನು ಕೇಳಬಲ್ಲ ಬಾಗಿಲನ್ನು ದುರುದ್ದೇಶವುಳ್ಳವನೂ ಬಳಸಬಹುದೆಂಬ ಆಕ್ಷೇಪಣೆಯಲ್ಲಿ ತಥ್ಯವಿದೆ. ಆದುದರಿಂದ ಪರೀಕ್ಷೆ ಮುಗಿದ ಮೇಲೆ ಆಜ್ಞಾಪಂಕ್ತಿಯಿಂದ ಆ ಪದವನ್ನು ತೆಗೆದುಹಾಕುವುದು ಕ್ಷೇಮ. ಆದರೆ ದುರುಪಯೋಗದ ಭಯದಿಂದ ಬಾಗಿಲನ್ನೇ ಇಡದಿರುವುದು ಬೇರೆ ಮಾತು. ಇ.ಎಚ್.ಸಿ.ಐ., ಎಕ್ಸ್.ಎಚ್.ಸಿ.ಐ. ಎರಡರಲ್ಲಿಯೂ ಈ ಏರ್ಪಾಡು ಐಚ್ಛಿಕವಾದುದರಿಂದ ತಯಾರಕನು ಅದನ್ನು ಬಿಟ್ಟರೆ ಕೇಳುವವರಿಲ್ಲ. ಕೊಳ್ಳುವವರು ಸ್ಮೃತಿಯೆಷ್ಟು, ವೇಗವೆಷ್ಟು ಎಂದು ವಿಚಾರಿಸುತ್ತಾರೆ. ಕೆಟ್ಟ ದಿನ ಇದು ಬಾಯಿಬಿಡಬಲ್ಲುದೇ ಎಂದು ವಿಚಾರಿಸುವವರು ವಿರಳ.

ನಮ್ಮ ಸಂಘಸಂಸ್ಥೆಗಳ ಗ್ರಂಥಾಲಯಗಳಲ್ಲಿಯೂ ಚಿಕ್ಕ ಕಚೇರಿಗಳಲ್ಲಿಯೂ ಹಳೆಯ ಯಂತ್ರಗಳೇ ಹೆಚ್ಚು. ಹೊಸ ಕರ್ನೆಲನ್ನು ಹಾಕಿದ ಮರುದಿನ ಅಂಥ ಯಂತ್ರವೊಂದು ಕಪ್ಪು ಪರದೆಯನ್ನು ತೋರಿಸಿ ನಿಂತರೆ, ಆಯುಷ್ಯ ಮುಗಿಯಿತೆಂದು ಅದನ್ನು ಮೂಲೆಗೆ ತಳ್ಳುವುದು ರೂಢಿ. ಫರ್ಮ್‌ವೇರು ಕೊಟ್ಟ ಸ್ಮೃತಿಯ ಪಟ್ಟಿಯಲ್ಲಿನ ಒಂದು ತಪ್ಪೋ, ಬೇಡವಾದ ಒಂದು ಡ್ರೈವರೋ ಅದಕ್ಕೆ ಕಾರಣವಾಗಿದ್ದು, ಆಜ್ಞಾಪಂಕ್ತಿಗೆ ಒಂದು ಪದವನ್ನು ಸೇರಿಸುವುದರಿಂದ ಅದು ನಿವಾರಣೆಯಾಗುವಂತಿರಬಹುದು. ಅದನ್ನು ತಿಳಿಯಲು ಬೇಕಾದುದು ಒಂದು ಕೇಬಲು, ಇನ್ನೊಂದು ಗಣಕಯಂತ್ರ, ಅರ್ಧ ದಿನದ ತಾಳ್ಮೆ. ಯಂತ್ರವನ್ನು ತ್ಯಜಿಸುವ ನಿರ್ಣಯಕ್ಕೆ ಮುನ್ನ ಅದರ ಹೇಳಿಕೆಯನ್ನು ಒಮ್ಮೆ ಪಡೆಯುವುದು ಉಚಿತ.